ಸೆನ್ಸರ್ ಭಾವ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದ ಕೂಡಲೇ, ಬಾನೆಟ್ ತೆರೆಯುವ ಮೊದಲೇ, "ಏನೂ ಆಗಿಲ್ಲ, ಸೆನ್ಸರ್ ಹೋಗಿದೆ ಅಷ್ಟೆ" ಎಂದು ತೀರ್ಪು ಕೊಡುವ ಬಂಧುವೇ ಸೆನ್ಸರ್ ಭಾವ. ಇವರ ವಾಸಸ್ಥಾನ ಚಾಲಕನ ಎಡಗಡೆಯ ಸೀಟು. ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಪೊಲೀಸರು ಕಂಡಾಗ ಮಾತ್ರ ಬೆಲ್ಟನ್ನು ಎದೆಯ ಮೇಲೆ ಎಳೆದುಕೊಂಡು, ಗೇರು ಯಾವಾಗ ಬದಲಿಸಬೇಕೆಂದು ಹೇಳುತ್ತ ಕೂರುತ್ತಾರೆ. ಮೈಲೇಜು, ಟೈರಿನ ಗಾಳಿ, ಟೋಲ್ ತಪ್ಪಿಸುವ ಒಳದಾರಿ ಎಲ್ಲದರ ಬಗ್ಗೆಯೂ ಅವರಲ್ಲಿ ಸಿದ್ಧ ಉತ್ತರವಿದೆ. ಆದರೆ ಅವರ ಪ್ರತಿಭೆ ಪೂರ್ತಿ ಅರಳುವುದು ಆಯಿಲ್ ಪ್ರೆಷರ್ ದೀಪದ ಮುಂದೆ.

ಈ ದೀಪಕ್ಕೆ ಎಣ್ಣೆ ಬಿಡುವ ಪುಟ್ಟ ಡಬ್ಬಿಯ ಆಕಾರ, ಮೂತಿಯಲ್ಲೊಂದು ಹನಿ. ಕೀ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಇದು ತೋರಿಸುವುದು ಆಯಿಲ್ ಎಷ್ಟಿದೆ ಎಂಬುದನ್ನಲ್ಲ, ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂಬುದನ್ನು. ಇಂಜಿನ್ನಿನ ತಳದ ಚೇಂಬರಿನಿಂದ ಪಂಪು ಆಯಿಲನ್ನು ಎಳೆದು, ಫಿಲ್ಟರ್ ಮೂಲಕ ಕ್ರ್ಯಾಂಕಿನ ಬೇರಿಂಗುಗಳಿಗೆ ಒತ್ತುತ್ತದೆ. ಅಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆಯಿಲಿನ ತೆಳು ಪದರ. ಅನೇಕ ಕಾರುಗಳಲ್ಲಿ ಒತ್ತಡ 0.3ರಿಂದ 0.5 ಬಾರ್‌ಗೆ ಇಳಿಯುವವರೆಗೂ ಸ್ವಿಚ್ಚು ಸುಮ್ಮನಿರುತ್ತದೆ. ಹಾಗಾಗಿ ದೀಪ ಹತ್ತಿದೆಯೆಂದರೆ ಕೆಲಸ ಆಗಲೇ ಕೆಟ್ಟಿದೆ ಎಂದರ್ಥ. ಭಾವ ಮಾತ್ರ ಇದನ್ನು ಪೆಟ್ರೋಲ್ ದೀಪದ ತಮ್ಮನೆಂದು ತಿಳಿದು, ಇನ್ನೂ ಮೂವತ್ತು ಕಿಲೋಮೀಟರ್ ಧಾರಾಳವಾಗಿ ಹೋಗಬಹುದೆನ್ನುತ್ತಾರೆ.

ಈ ಜಾತಿಯ ಅಧ್ಯಯನಕ್ಕೆ ಶಿರಾಡಿ ಘಾಟಿಯ ಒಂದು ಪ್ರಸಂಗ ಮುಖ್ಯ. ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟಿದ್ದ ಕಾರಿನಲ್ಲಿ, ಸಕಲೇಶಪುರ ದಾಟಿ ಇಳಿಜಾರು ಹಿಡಿದ ಮೇಲೆ, ತಿರುವು ಬಂದಾಗಲೆಲ್ಲ ದೀಪ ಮಿಣುಕ್ಕೆಂದು ಹತ್ತಿ, ನೇರ ರಸ್ತೆಯಲ್ಲಿ ಆರುತ್ತಿತ್ತು. "ತಿರುವಲ್ಲಿ ಮಾತ್ರ ಹತ್ತುತ್ತೆ ಅಂದ್ರೆ ಲೂಸ್ ಕಾಂಟ್ಯಾಕ್ಟು. ಹೋಗ್ತಾ ಇರೋ, ಗುಂಡ್ಯದಲ್ಲಿ ಕಾಫಿ ಕುಡಿಯುವಾಗ ನೋಡೋಣ" ಎಂದರು ಭಾವ. ತರ್ಕದಲ್ಲಿ ಹುಳುಕಿಲ್ಲ, ತೀರ್ಮಾನ ಮಾತ್ರ ತಪ್ಪು. ಆಯಿಲ್ ಕಡಿಮೆಯಾದಾಗ ತಿರುವಿನಲ್ಲಿ ಅದು ಚೇಂಬರಿನ ಒಂದು ಮಗ್ಗುಲಿಗೆ ಸರಿಯುತ್ತದೆ, ಪಂಪಿನ ಬಾಯಿ ಆಯಿಲಿನ ಬದಲು ಗಾಳಿ ಎಳೆಯುತ್ತದೆ. ಹಿಂದಿನ ಸೀಟಿನಿಂದ ಅಕ್ಕ, "ರೀ, ಒಂದ್ಸಲ ನಿಲ್ಲಿಸಿ ನೋಡಿದ್ರೆ ಯಾರ ಗಂಟು ಹೋಗುತ್ತೆ?" ಎಂದ ಮೇಲೆಯೇ ಕಾರು ಬದಿಗೆ ನಿಂತದ್ದು.

ಭಾವ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದರು. ಒರೆಸದೆ, ಆಯಿಲ್ ಕೆಳಗಿಳಿಯಲು ಬಿಡದೆ, ಕಡ್ಡಿಯ ಮೇಲೆ ಉದ್ದಕ್ಕೂ ಹತ್ತಿದ್ದನ್ನೇ ನೋಡಿ "ಫುಲ್ ಇದೆ" ಎಂದರು. ಬೆರಳಿಗೆ ಸವರಿ ಮೂಸಿ, ಅಕ್ಕನ ಹೊಸ ಟವೆಲ್ಲಿಗೆ ಒರೆಸಿದರು. ಸಮತಟ್ಟು ಜಾಗದಲ್ಲಿ ಐದು ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ತೆಗೆದಾಗ ಕೆಳಗೆರೆಗೂ ಕೆಳಗೆ, ತುದಿಯಲ್ಲಿ ಒಂದು ಹನಿ ಕಂಡಿತು. ಚೇಂಬರ್ ನಟ್ಟಿನ ಸುತ್ತ ಒದ್ದೆ. ಹಿಂದಿನ ಸರ್ವಿಸಿನಲ್ಲಿ ಅದರ ವಾಷರ್ ಬದಲಿಸಲು ಮೆಕ್ಯಾನಿಕ್ ಹೊರಟಾಗ "ಹಳೇದೇ ಗಟ್ಟಿ ಇದೆ, ಹಾಕಪ್ಪ" ಎಂದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟಾದ ಮೇಲೆ ಅವರನ್ನು ಹಿಡಿಯುವವರಿಲ್ಲ. ಕೈ ಅಡ್ಡ ಹಾಕಿ ಲಾರಿ ಹತ್ತಿ, ಸಕಲೇಶಪುರಕ್ಕೆ ವಾಪಸು ಹೋಗಿ, ಸರಿಯಾದ ಗ್ರೇಡಿನ ಆಯಿಲ್ ತಂದವರು ಅವರೇ. ದುಡ್ಡು ಕೊಡಹೋದರೆ ಬೈದರು. ಮದುವೆಯ ಕರೆಯೋಲೆಯೊಂದನ್ನು ಸುರುಳಿ ಸುತ್ತಿ, ಒಂದು ಹನಿ ಚೆಲ್ಲದಂತೆ ಹುಯ್ದರು. ಅನೇಕ ಸಣ್ಣ ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್, ಮೇಲಿನ ಗೆರೆ ಮೀರಬಾರದು. ಇಂಜಿನ್ ಸ್ಟಾರ್ಟ್ ಆಯಿತು, ದೀಪ ಆರಿತು. ಭಾವ ಕೈ ಒರೆಸಿಕೊಳ್ಳುತ್ತ, "ನೋಡಿದ್ಯಾ, ಸೆನ್ಸರ್ ಸೆಟ್ ಆಯ್ತು" ಎಂದರು.

ಆಯಿಲ್ ಸರಿಯಿದ್ದೂ ದೀಪ ಆರದಿದ್ದರೆ ಕಾರಣಗಳು ಬೇರೆ: ಕಟ್ಟಿದ ಫಿಲ್ಟರ್, ಹಂಪಿಗೆ ಬಡಿದು ನೆಗ್ಗಿದ ಚೇಂಬರ್, ಜಿಡ್ಡು ತುಂಬಿದ ಜಾಲರಿ, ಸವೆದ ಪಂಪು ಅಥವಾ ಬೇರಿಂಗು. ಸೆನ್ಸರ್ ನಿಜಕ್ಕೂ ಹೋಗಿರುವುದೂ ಉಂಟು, ಭಾವನವರ ಬಲವೆಲ್ಲ ಇರುವುದು ಅಲ್ಲೇ. ಒಂಟಿ ವೈರಿನ ಹಳೆಯ ಸ್ವಿಚ್ಚಿನಲ್ಲಿ ಅವರು ವೈರ್ ಕಿತ್ತು, ದೀಪ ಆರಿದ್ದನ್ನು ತೋರಿಸಿ ಗೆದ್ದೆನೆನ್ನುತ್ತಾರೆ. ಕಿತ್ತರೆ ಆರುವುದು ಅದರ ಗುಣ; ಕಿತ್ತ ಮೇಲೂ ಉರಿದರೆ ವೈರು ಎಲ್ಲೋ ಬಾಡಿಗೆ ತಾಗಿದೆ ಎಂದರ್ಥ. ಸ್ವಿಚ್ಚು ಬಿಚ್ಚಿ ಆ ಜಾಗಕ್ಕೆ ಪ್ರೆಷರ್ ಗೇಜ್ ತಿರುಗಿಸಿ, ಬಿಸಿ ಇಂಜಿನ್ನಿನಲ್ಲಿ ಮುಳ್ಳು ನೋಡಿದರೆ ಮಾತ್ರ ಜಗಳ ಮುಗಿಯುತ್ತದೆ. ಅವರ ಇನ್ನೊಂದು ಮದ್ದು ದಪ್ಪ ಆಯಿಲ್. ಅದು ದೀಪವನ್ನು ಆರಿಸೀತು, ಸವೆದ ಬೇರಿಂಗನ್ನು ತುಂಬಿಕೊಡದು.

ಕಾರ್ಬೊರೇಟರ್ ಕಾಲದಲ್ಲಿ ಈ ಭಾವಂದಿರ ವಿದ್ಯೆ ಸುಳ್ಳಾಗಿರಲಿಲ್ಲ. ಮಾರುತಿ 800ರ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿ ಎಷ್ಟೋ ಮದುವೆ ದಿಬ್ಬಣಗಳನ್ನು ಮುಹೂರ್ತಕ್ಕೆ ಮುಟ್ಟಿಸಿದವರು ಅವರು. ಈಗ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರ ಮುಂದೆ ಭಾವ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಕೈಯಿಡಲು ಜಾಗವಿಲ್ಲದವರ ಬಾಯಿಗೆ ಬರುವ ಮಾತೇ ಸೆನ್ಸರ್.

ಓದುಗರು ಇಷ್ಟು ಮಾಡಬೇಕು: ಕೆಂಪು ದೀಪ ಹತ್ತಿದರೆ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ವಾದವೆಲ್ಲ ಆಮೇಲೆ. ಲೆವೆಲ್ ಸರಿಯಿದ್ದೂ ದೀಪ ಆರದಿದ್ದರೆ ಟೋ ಗಾಡಿ ಕರೆಸಿ, ಅದರ ಮುಂದಿನ ಸೀಟನ್ನು ಭಾವನಿಗೇ ಬಿಟ್ಟುಕೊಡಿ. ಆ ಚಾಲಕನಿಗೂ ಗೇರು ಬದಲಿಸುವುದನ್ನು ಯಾರಾದರೂ ಹೇಳಿಕೊಡಬೇಕಲ್ಲ.