ಆ ಕುದುರೆ ಎಲ್ಲಿ ಹೋಯಿತು?

ನನ್ನ ವಯಸ್ಸಿನವರು ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುವಾಗ ಹೆಚ್ಚು ಒತ್ತುವ ಗುಂಡಿ ಎಸ್ಕೇಪ್. ಅದನ್ನೊತ್ತಿದರೆ ಸಾಕು, ಎದುರಿಗಿದ್ದ ರಾಕ್ಷಸ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಡುತ್ತಾನೆ. ನಾನು ಎದ್ದು ಹೋಗಿ ಕುಕ್ಕರ್ ಆರಿಸಿ, ಬಾಗಿಲಿಗೆ ಬಂದವನಿಗೆ ಒಟಿಪಿ ಹೇಳಿ, ಕನ್ನಡಕ ಒರೆಸಿಕೊಂಡು ಬಂದು ಕೂರುವವರೆಗೂ ಪಾಪ ಹಾಗೇ ನಿಂತಿರುತ್ತಾನೆ. ಇಷ್ಟು ಮರ್ಯಾದೆ ಮನೆಯಲ್ಲಿ ಬೇರೆ ಯಾರೂ ನನಗೆ ಕೊಟ್ಟಿಲ್ಲ. ಹತ್ತಾರು ಜನ ಸೇರಿ ಆಡುವ ಆನ್‌ಲೈನ್ ಆಟಗಳಲ್ಲಿ ಈ ಸೌಕರ್ಯವಿಲ್ಲ. ಕುಕ್ಕರ್ ಕೂಗಿತೆಂದು ಎದ್ದರೆ ಬರುವಷ್ಟರಲ್ಲಿ ಸತ್ತಿರುತ್ತೇವೆ. ಜೊತೆಗೆ ಯಾವುದೋ ಊರಿನ ಮೀಸೆ ಚಿಗುರದ ಹುಡುಗನೊಬ್ಬ ಹೆಡ್‌ಫೋನಿನಲ್ಲಿ ನಮ್ಮ ವಂಶವನ್ನೆಲ್ಲ ಜಾಲಾಡಿ ಮುಗಿಸಿರುತ್ತಾನೆ.

ಹಾಗಾಗಿ ನಾನು ಸಿಂಗಲ್ ಪ್ಲೇಯರ್ ಪಕ್ಷದವನು. ಒಂದು ಕಥೆ, ಒಂದು ಬಂದೂಕು, ಕಥಾನಾಯಕನ ಕಣ್ಣೇ ನನ್ನ ಕಣ್ಣು. ಈ ಬಗೆಯಲ್ಲಿ ನನ್ನ ಮನಸ್ಸಿಗೆ ಒಗ್ಗುವಂಥದ್ದು ಅಪರೂಪಕ್ಕೊಂದು ಬರುತ್ತದೆ. ಬರುತ್ತದೆಂಬ ಸುದ್ದಿ ಮಾತ್ರ ಬಹಳ ಮೊದಲೇ ಬಂದುಬಿಡುತ್ತದೆ.

2022ರ ಡಿಸೆಂಬರಿನಲ್ಲಿ ಅಮೆರಿಕದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ 'ಜೂಡಾಸ್' ಎಂಬ ಆಟದ ಟ್ರೈಲರ್ ತೋರಿಸಿದರು. ಮೇಫ್ಲವರ್ ಎಂಬ ದೈತ್ಯ ಬಾಹ್ಯಾಕಾಶ ನೌಕೆ ಹಾಳಾಗುತ್ತಿದೆ. ಅದರಲ್ಲಿ ಸಿಕ್ಕಿಕೊಂಡಿರುವ, ಯಾರಿಗೂ ಬೇಡವಾದ ಹೆಂಗಸು ಜೂಡಾಸ್. ಅವಳ ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಮಾಯೆ. ಮಾಡುತ್ತಿರುವವರು ಕೆನ್ ಲೆವಿನ್ ಮತ್ತು ಅವರ ಘೋಸ್ಟ್ ಸ್ಟೋರಿ ಗೇಮ್ಸ್ ಎಂದು ಗೊತ್ತಾದದ್ದೇ ತಡ, ನಾನು ಕುರ್ಚಿಯ ತುದಿಗೆ ಬಂದೆ. ಮರುಗಳಿಗೆಯಲ್ಲಿ ಹಿಂದಕ್ಕೆ ಒರಗಿಯೂ ಬಿಟ್ಟೆ. ಅಂದಿನಿಂದ ಹೀಗೇ, ಮುಂದೆ ಹಿಂದೆ.

ಮುಂದೆ ಬಂದದ್ದಕ್ಕೆ ಲೆವಿನ್ ಅವರ 2007ರ 'ಬಯೋಶಾಕ್' ಕಾರಣ. 1960ರ ಒಂದು ರಾತ್ರಿ ಅಟ್ಲಾಂಟಿಕ್ ಸಾಗರಕ್ಕೆ ವಿಮಾನ ಬೀಳುತ್ತದೆ. ನೀರೊಳಗಿನಿಂದ ಮೇಲೆ ಬಂದರೆ ಸುತ್ತಲೂ ಬೆಂಕಿ. ಇದು ಇನ್ನೂ ಪೀಠಿಕೆಯ ವಿಡಿಯೋ ಇರಬೇಕೆಂದು ನಾವು ಕೈಕಟ್ಟಿ ಕೂತಿರುತ್ತೇವೆ. ಕೈ ಮೌಸಿಗೆ ತಗುಲಿ ನೋಟ ಅಲ್ಲಾಡಿದಾಗಲೇ ತಿಳಿಯುವುದು: ಆಟ ಆಗಲೇ ಶುರುವಾಗಿದೆ, ಈಜಬೇಕಾದವರು ನಾವೇ! ಈಜಿ ಹೋದರೆ ಕತ್ತಲಲ್ಲಿ ಒಂದು ದೀಪಸ್ತಂಭ, ಅದರೊಳಗೆ ಸಮುದ್ರದ ತಳಕ್ಕಿಳಿಯುವ ಗೋಳ. ಇಳಿಯುತ್ತಿದ್ದಂತೆ ಕಿಟಕಿಯಾಚೆ ನಿಯಾನ್ ದೀಪಗಳ ಮಹಾನಗರ, ಕಟ್ಟಡಗಳ ಸಂದಿಯಲ್ಲಿ ತಿಮಿಂಗಿಲವೊಂದು ಆರಾಮವಾಗಿ ತಿರುಗುತ್ತಿರುತ್ತದೆ. ಆ ನಗರದ ಹೆಸರು ರ‍್ಯಾಪ್ಚರ್. ಬಂದೂಕಿನ ಆಟದಲ್ಲಿ ಗುಂಡು ಹಾರಿಸುವುದನ್ನು ಮರೆತು ಗೋಡೆಯ ಪೋಸ್ಟರ್ ಓದುತ್ತ ನಿಲ್ಲುವಂತೆ ಮಾಡಿದವರನ್ನು ನಂಬದಿರುವುದು ಹೇಗೆ?

ಹಿಂದಕ್ಕೆ ಒರಗಿದ್ದು ಒಂದು ಕುದುರೆಯಿಂದ.

ಲೆವಿನ್ ಅವರ ಮುಂದಿನ ಆಟ 'ಬಯೋಶಾಕ್ ಇನ್ಫಿನಿಟ್'. ಈ ಸಲ ನಗರ ಆಕಾಶದಲ್ಲಿ, ವರ್ಷ 1912. 2011ರ ಗೇಮ್ ಪ್ರದರ್ಶನವೊಂದರಲ್ಲಿ ಅದರ ಒಂದು ತುಣುಕು ತೋರಿಸಿದರು. ರಸ್ತೆಯಲ್ಲಿ ಒಂದು ಕುದುರೆ ಗಾಯಗೊಂಡು ಬಿದ್ದಿದೆ. ಎಲಿಜಬೆತ್ ಎಂಬ ಹುಡುಗಿ ಅದರ ಮೈಮೇಲೆ ಕೈಯಿಟ್ಟು ಬದುಕಿಸಲು ಹೊರಡುತ್ತಾಳೆ. ತನ್ನ ಶಕ್ತಿ ಅವಳಿಗೇ ಹತೋಟಿ ತಪ್ಪಿ, ಕುದುರೆ ಮಲಗಿದ್ದ ಜಾಗ ಹರಿದು ಇನ್ಯಾವುದೋ ಕಾಲದ ಬೀದಿ ಕಣ್ಣೆದುರು ತೆರೆದುಕೊಳ್ಳುತ್ತದೆ. ಹುಡುಗಿ ಗಾಬರಿಯಾಗಿ ಅದನ್ನು ಮುಚ್ಚುತ್ತಾಳೆ. ಅದನ್ನು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ ಎಂದರೆ ನಗಬೇಡಿ. 2013ರ ಮಾರ್ಚಿನಲ್ಲಿ ಆಟ ಬಂತು. ಚೆನ್ನಾಗಿಯೇ ಇತ್ತು. ಆಕಾಶನಗರದ ಗಲ್ಲಿಗಲ್ಲಿ ತಿರುಗಿದೆ, ಕುದುರೆಯ ಆ ದೃಶ್ಯ ಎಲ್ಲೂ ಇರಲಿಲ್ಲ. ತಯಾರಿಕೆಯ ಹಾದಿಯಲ್ಲಿ ಕಥೆ ತಿರುಗಾಮುರುಗಾ ಆಗಿ, ತೋರಿಸಿದ್ದರಲ್ಲಿ ಎಷ್ಟೋ ಬಿದ್ದುಹೋಗಿತ್ತು. ಬಂದ ಆಟಕ್ಕಿಂತ ಬಾರದ ಕುದುರೆಯೇ ನನ್ನ ತಲೆಯಲ್ಲಿ ಉಳಿಯಿತು.

ಈ ಅಳಲನ್ನು ತೋಡಿಕೊಳ್ಳಲು ನನಗಿರುವ ಏಕೈಕ ಕಿವಿ ಅಕ್ಕನ ಮಗನದು. ಅವನು ಬೆಂಗಳೂರಿನಲ್ಲಿ ವಿದೇಶಿ ಆಟಗಳ ಒಳಗೆ ಕಾಣುವ ಸಾಮಾನು ಸರಂಜಾಮು ಮಾಡಿಕೊಡುವ ಕೆಲಸದಲ್ಲಿದ್ದಾನೆ. ಬೆಂಗಳೂರಿಗೆ ಇದು ಹೊಸದೇನಲ್ಲ. ಧ್ರುವ ಇಂಟರಾಕ್ಟಿವ್ ಶುರುವಾದದ್ದು 1997ರಲ್ಲಿ; 2019ರಲ್ಲಿ ಅದನ್ನು 'ಗ್ರ್ಯಾಂಡ್ ಥೆಫ್ಟ್ ಆಟೊ' ಖ್ಯಾತಿಯ ರಾಕ್‌ಸ್ಟಾರ್‌ನವರು ಕೊಂಡರು. ನಮ್ಮ ಹುಡುಗನ ಕಂಪನಿ ಬೇರೆ, ಅವನ ಪಾಲಿಗೆ ಬಂದದ್ದು ತುಕ್ಕು ಹಿಡಿದ ಎಣ್ಣೆ ಡ್ರಮ್ಮು. ಯಾವ ಆಟಕ್ಕೆ ಎಂದು ಎಷ್ಟು ಕೇಳಿದರೂ "ಎನ್‌ಡಿಎ ಸೈನ್ ಮಾಡಿದೀನಿ ಮಾವ, ಯಾರಿಗೂ ಹೇಳೋ ಹಾಗಿಲ್ಲ, ಅಮ್ಮನಿಗೂ ಹೇಳಿಲ್ಲ" ಎನ್ನುತ್ತಾನೆ. ಅಕ್ಕ ಅದನ್ನು ಕೇಳಿಯೇ ಇಲ್ಲ ಎನ್ನುವುದು ಬೇರೆ ಮಾತು. ಮಳೆನೀರು ಇಳಿದ ಕಡೆ ತುಕ್ಕು ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡಲು ಅವನು ಪೀಣ್ಯದ ಕಡೆ ಹೋಗಿ ಡ್ರಮ್ಮುಗಳ ಫೋಟೊ ಹೊಡೆದುಕೊಂಡು ಬಂದಿದ್ದ. ಕೊನೆಗೆ ಆ ಡ್ರಮ್ಮು ಇದ್ದ ಗೋದಾಮನ್ನೇ ಆಟದಿಂದ ತೆಗೆದರಂತೆ.

ಕುದುರೆಯ ವಿಷಯ ಎತ್ತಿದಾಗ ಅವನು ನನಗೊಂದು ಪಾಠ ಮಾಡಿದ. ಪ್ರದರ್ಶನಕ್ಕೆಂದು ಆಟದ ಒಂದೇ ಒಂದು ಭಾಗವನ್ನು ಪೂರ್ತಿ ಹೊಳಪು ಕೊಟ್ಟು ಸಿದ್ಧಮಾಡುತ್ತಾರೆ. ಅದನ್ನು ಅವರ ಭಾಷೆಯಲ್ಲಿ ವರ್ಟಿಕಲ್ ಸ್ಲೈಸ್ ಎನ್ನುತ್ತಾರಂತೆ.

"ಅಂದರೆ ಕಲ್ಲಂಗಡಿಯವನು ತ್ರಿಕೋನ ಕೊಯ್ದು ಕೆಂಪು ತೋರಿಸ್ತಾನಲ್ಲ, ಹಾಗೆ" ಎಂದೆ.

"ಹೂಂ ಮಾವ. ಆದರೆ ಇಲ್ಲಿ ಆ ತ್ರಿಕೋನ ಮಾತ್ರ ಇರುತ್ತೆ. ಮಿಕ್ಕ ಹಣ್ಣು ಇನ್ನು ಬೆಳೀಬೇಕು."

ಅಂದಿನಿಂದ ನಮ್ಮಿಬ್ಬರ ನಡುವೆ ಟ್ರೈಲರಿನಲ್ಲಿ ಅತಿ ಸೊಗಸಾಗಿ ಕಂಡದ್ದಕ್ಕೆಲ್ಲ ಕುದುರೆ ಎಂದೇ ಹೆಸರು. ಹೊಸ ಟ್ರೈಲರ್ ಬಂದ ರಾತ್ರಿ "ಎಷ್ಟು ಕುದುರೆ?" ಎಂದು ಮೆಸೇಜ್ ಹಾಕುತ್ತೇನೆ. "ಲಾಯ ಪೂರ್ತಿ" ಎಂದು ಉತ್ತರ ಬರುವುದುಂಟು.

ಕಾಯುವಿಕೆಯ ಕಥೆ ತೆಗೆದರೆ 'ಡ್ಯೂಕ್ ನ್ಯೂಕಮ್ ಫಾರೆವರ್' ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಟೆಕ್ಸಸ್‌ನ 3ಡಿ ರೆಲ್ಮ್ಸ್ ಅದನ್ನು 1997ರಲ್ಲಿ ಘೋಷಿಸಿತು. ಯಾವಾಗ ಬರುತ್ತದೆ ಎಂದು ಕೇಳಿದವರಿಗೆಲ್ಲ 'ಮುಗಿದಾಗ' ಎಂಬ ಒಂದೇ ಉತ್ತರ. ಒಂದು ಎಂಜಿನ್ ಮೇಲೆ ಕಟ್ಟುತ್ತಿದ್ದರು. ಅದಕ್ಕಿಂತ ಒಳ್ಳೆಯದು ಬಂತೆಂದು 1998ರಲ್ಲಿ ಕೆಡವಿ ಇನ್ನೊಂದರ ಮೇಲೆ ಶುರುಮಾಡಿದರು. ಬಾರದ ಸರಕುಗಳಿಗೆ ವರ್ಷವರ್ಷವೂ ಬಿರುದು ಕೊಡುತ್ತಿದ್ದ 'ವೈರ್ಡ್' ಪತ್ರಿಕೆ ಕೊನೆಗೆ ಇದಕ್ಕೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನೇ ಕೊಟ್ಟು ಕೈಮುಗಿಯಿತು. 2009ರಲ್ಲಿ ತಂಡ ಚದುರಿತು. ಬೇರೊಂದು ಕಂಪನಿ ಎತ್ತಿಕೊಂಡು ಮುಗಿಸಿ 2011ರ ಜೂನ್‌ನಲ್ಲಿ ಹೊರತಂದಿತು. ಹದಿನಾಲ್ಕು ವರ್ಷ, ಶ್ರೀರಾಮನ ವನವಾಸದ ಅವಧಿ. ಪಟ್ಟಾಭಿಷೇಕ ಮಾತ್ರ ಆಗಲಿಲ್ಲ, ವಿಮರ್ಶಕರು ಹಿಗ್ಗಾಮುಗ್ಗಾ ಹೊಡೆದರು. ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಒಂದು ಸಣ್ಣ ಸಂಗತಿ. 1996ರ ಹಿಂದಿನ ಆಟದಲ್ಲಿ ನಾಯಕ ಡ್ಯೂಕ್ ಒಂದು ಶಸ್ತ್ರಾಗಾರವನ್ನೇ ಮೈಮೇಲೆ ಹೊತ್ತು ಓಡುತ್ತಿದ್ದ. 2011ರ ಡ್ಯೂಕ್ ಒಂದು ಸಲಕ್ಕೆ ಎರಡೇ ಬಂದೂಕು ಇಟ್ಟುಕೊಳ್ಳಬಹುದಾಗಿತ್ತು. ನಡುವೆ ಬೇರೆಯವರ ಆಟಗಳಲ್ಲಿ ಆ ಫ್ಯಾಷನ್ ಬಂದಿತ್ತು, ಇವರೂ ಅದನ್ನು ಒಳಗೆ ಬಿಟ್ಟುಕೊಂಡಿದ್ದರು. ತಡವಾದಷ್ಟೂ ಅಡುಗೆ ಮನೆಗೆ ಬಂದುಹೋದವರೆಲ್ಲ ಒಂದೊಂದು ಚಿಟಿಕೆ ಉಪ್ಪು ಹಾಕಿಬಿಡುತ್ತಾರೆ.

'ಹಾಫ್-ಲೈಫ್' ಬಳಗದ್ದು ಇನ್ನೊಂದು ತರಹ. 2007ರಲ್ಲಿ ಕಥೆಯನ್ನು ಅತ್ಯಂತ ಸಂಕಟದ ಜಾಗದಲ್ಲಿ ನಿಲ್ಲಿಸಿ ವಾಲ್ವ್ ಕಂಪನಿಯವರು ಎದ್ದುಹೋದರು. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮತದಾನದ ವಯಸ್ಸು. ತಮಾಷೆಯೆಂದರೆ ಅವರು ಮೋಸ ಮಾಡಿದರೆಂದು ನನಗೆ ಅನ್ನಿಸುವುದಿಲ್ಲ. ಆ ಕಥೆಯನ್ನು ಮುಂದುವರಿಸಲು ಹೊಸದೇನೂ ಹೊಳೆಯದೆ ಅಲ್ಲಿಗೇ ಬಿಟ್ಟವರ ಮೇಲೆ ಸಿಟ್ಟಿಗಿಂತ ಒಂದು ಬಗೆಯ ಗೌರವವೇ ಜಾಸ್ತಿ. ಕಾಲಕ್ಕೆ ಸರಿಯಾಗಿ ವರ್ಷಕ್ಕೊಂದು ಆಟ ಕೊಡುವವರೂ ಇದ್ದಾರಲ್ಲ. ಅವರ ಆಟಗಳನ್ನು ಮುಗಿಸಿದ ಮೇಲೆ ಹೆಸರೂ ನೆನಪಿಗೆ ಬರುವುದಿಲ್ಲ.

ಜೂಡಾಸ್‌ಗೆ ಬರೋಣ. ಲೆವಿನ್ 2014ರಲ್ಲಿ ತಮ್ಮ ಹಳೆಯ ಕಂಪನಿ ಮುಚ್ಚಿ, ಹದಿನೈದು ಜನರನ್ನಷ್ಟೇ ಉಳಿಸಿಕೊಂಡು ಹೊಸ ಪ್ರಯೋಗಕ್ಕೆ ಹೊರಟರು. ಅದೇ ವರ್ಷ ಒಂದು ಭಾಷಣದಲ್ಲಿ, ಕಥೆಯನ್ನು ಲೆಗೊ ತುಂಡುಗಳ ಹಾಗೆ ಬಿಡಿಬಿಡಿಯಾಗಿ ಬರೆದು, ಆಡುವವನ ನಡವಳಿಕೆ ನೋಡಿಕೊಂಡು ಜೋಡಿಸುವ ಆಸೆ ಹೇಳಿಕೊಂಡರು. ಈಗ ನೌಕೆಯಲ್ಲಿ ಮೂವರು ಪ್ರಭಾವಿಗಳಿದ್ದಾರೆ, ಮೂವರೂ ನಮ್ಮ ಸ್ನೇಹಕ್ಕೆ ಹಾತೊರೆಯುತ್ತಾರೆ, ನಾವು ಯಾರನ್ನು ಕಡೆಗಣಿಸುತ್ತೇವೋ ಅವರೇ ಮುನಿದು ಖಳರಾಗುತ್ತಾರೆ ಎನ್ನುತ್ತಿದ್ದಾರೆ. ಕೇಳಲು ಚೆನ್ನಾಗಿದೆ. ಅವಿಭಕ್ತ ಕುಟುಂಬದಲ್ಲಿ ಬೆಳೆದ ನನಗೆ ನಂಬಲೂ ಕಷ್ಟವಿಲ್ಲ. ಆದರೆ ತುಂಡು ಜೋಡಿಸಿದ ಕಥೆಗೆ ರ‍್ಯಾಪ್ಚರಿನ ಆ ಬಿಗಿ ಬಂದೀತೆ? ಅಲ್ಲಿ ಒಬ್ಬ ಮನುಷ್ಯ ಎಲ್ಲ ಹೆಣೆದಿಟ್ಟು, ಇಂಥ ಜಾಗದಲ್ಲಿ ಇವನು ಬೆಚ್ಚಿಬೀಳಬೇಕು ಎಂದು ಕಾದು ಕೂತಿದ್ದ. ನನ್ನ ನಡವಳಿಕೆ ನೋಡಿ ಹುಟ್ಟುವ ಕಥೆ ನನ್ನಷ್ಟೇ ಸಪ್ಪೆಯಾದೀತೆಂಬ ಭಯ ನನ್ನದು.

"ಪ್ರೀ-ಆರ್ಡರ್ ಮಾಡ್ಬೇಡಿ ಮಾವ" ಎನ್ನುತ್ತಾನೆ ಹುಡುಗ. ಅವನ ತರ್ಕ ಸರಿಯಾಗಿದೆ. ಆಟ ಡಬ್ಬಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಅಂಗಡಿಯಲ್ಲಿ ಖಾಲಿಯಾದೀತೆಂದು ಮುಂಗಡ ಕೊಡುವುದಕ್ಕೆ ಅರ್ಥವಿತ್ತು. ಡೌನ್‌ಲೋಡ್ ಖಾಲಿಯಾಗುವುದುಂಟೆ? ಅದೂ ಅಲ್ಲದೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡು, ಹದಿನಾಲ್ಕು ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಬಯೋಶಾಕ್ ಮಾಡಿದವರಿಗೆ ಮೊದಲ ಎರಡು ತಾಸು ನಮ್ಮನ್ನು ಮರುಳು ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮನೆಯಾಕೆ ಆಗಾಗ ವಿಚಾರಿಸುವುದುಂಟು. "ರೀ, ಯಾವಾಗ ಬರುತ್ತಂತೆ ನಿಮ್ಮ ಹಡಗು?"

"ಹೇಳಿಲ್ಲ."

"ಬಂದಮೇಲೆ ಮಧ್ಯೆ ನಿಲ್ಲಿಸೋಕಾಗುತ್ತೆ ತಾನೆ? ಗ್ಯಾಸ್ ಆರಿಸೋಕೆ?"

ಅಷ್ಟೂ ಟ್ರೈಲರುಗಳಲ್ಲಿ ಯಾರೂ ಉತ್ತರ ಕೊಡದ ಪ್ರಶ್ನೆ ಅದು.

ಸದ್ಯಕ್ಕೆ ದುಡ್ಡು ಕೊಡದೆ ವಿಶ್‌ಲಿಸ್ಟಿಗೆ ಮಾತ್ರ ಸೇರಿಸಿಟ್ಟಿದ್ದೇನೆ. ನೋಡು, ನಾನು ಯಾರ ಬಲೆಗೂ ಬಿದ್ದಿಲ್ಲ ಎಂದು ಹುಡುಗನಿಗೆ ಜಂಬದಿಂದ ಹೇಳಿದೆ.

"ಮಾವ, ವಿಶ್‌ಲಿಸ್ಟಿನಲ್ಲಿ ಎಷ್ಟು ಜನ ಇದ್ದಾರೆ ಅಂತಲೇ ಅವರು ಮೊದಲು ಎಣಿಸೋದು" ಎಂದ.