ಬಗ್ಯಾಸಿನ ಬಾಡಿಗೆ

ಬಾಗಲಕೋಟೆ ಜಿಲ್ಲೆಯ ರೈತ ತಾನು ಕಬ್ಬು ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದ. ಅಲ್ಲವಂತೆ, ಅವನು ‘ಬಯೋಮಾಸ್ ಪೂರೈಕೆ ಸರಪಳಿ’ಯ ಮೊದಲ ಕೊಂಡಿಯಂತೆ. ಸರಪಳಿ ಬಿಗಿಯುವುದು ತನ್ನ ಕಾಲಿಗೇ ಎಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು.

ಒಂದು ಟನ್ ಕಬ್ಬು ಅರೆದರೆ ಸುಮಾರು 280ರಿಂದ 300 ಕಿಲೊ ಬಗ್ಯಾಸ್, ಅಂದರೆ ರಸ ಹಿಂಡಿ ಉಳಿದ ಸಿಪ್ಪೆ; ಅದರಲ್ಲಿ ಅರ್ಧ ನೀರು. ಅದನ್ನು ಬಾಯ್ಲರಿಗೆ ಹಾಕಿ ಕಾರ್ಖಾನೆ ತನ್ನ ಯಂತ್ರ ನಡೆಸಿಕೊಂಡು, ಮಿಕ್ಕ ಕರೆಂಟನ್ನು ಗ್ರಿಡ್ಡಿಗೆ ಮಾರುತ್ತದೆ. ಕಾಕಂಬಿ ಎಥೆನಾಲ್ ಆಗುತ್ತದೆ. ರೈತನಿಗೆ ದರ ಕಟ್ಟುವುದು ಮಾತ್ರ ಸಕ್ಕರೆ ಇಳುವರಿ ನೋಡಿ: ಕೇಂದ್ರ ಗೊತ್ತುಮಾಡಿದ 2025–26ರ ಹಂಗಾಮಿನ ನ್ಯಾಯಯುತ ದರ, ಅಂದರೆ ಎಫ್‌ಆರ್‌ಪಿ, 10.25% ಇಳುವರಿಗೆ ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಣೆ ಎರಡನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆ. ಬಾದಾಮಿ ಕಡೆಯಿಂದ ಹೊರಟ ಟ್ರ್ಯಾಕ್ಟರಿನ ಹೇರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಬಾಯ್ಲರಿನ ಪಾಲು. ಬಾಡಿಗೆ ಬೆಳೆಗಾರನ ಪಾಲು. “ಸಾಹೇಬ್ರ, ನಿಮ್ಮ ಬಾಯ್ಲರ್ ಉಣ್ಣೋ ಹುಲ್ಲಿಗೆ ನಾ ಯಾಕ ಬಾಡಿಗಿ ಕೊಡ್ಲಿರಿ?” ಎಂದು ಯಾರಾದರೂ ಕಾಕಾ ಕೇಳಿದರೆ, ಬಿಲ್ಲಿನಲ್ಲಿ ಬಗ್ಯಾಸಿಗೆ ಕಾಲಮ್ಮೇ ಇಲ್ಲ. ಉಪಉತ್ಪನ್ನಗಳನ್ನೂ ಸೇರಿಸಿ ಆದಾಯದ 70% ಬೆಳೆಗಾರನಿಗೆ ಕೊಡಿ ಎಂದು ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ವರದಿಯೂ ಒಂದು ಬಗೆಯ ಬಯೋಮಾಸ್. ಕಪಾಟಿನಲ್ಲಿಟ್ಟಷ್ಟೂ ಚೆನ್ನಾಗಿ ಒಣಗುತ್ತದೆ.

ಇನ್ನು ರವದಿ, ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಕಬ್ಬಿನ ಒಣ ಸೋಗೆ. ಸುಡಬೇಡಿ, ಮಾರಿ ಎಂದು ಸಭೆಗಳಲ್ಲಿ ಸ್ಲೈಡ್ ತೋರಿಸಿ ಹೇಳುತ್ತಾರೆ. ಕಟ್ಟುವ ಯಂತ್ರ ಯಾವಾಗ ಬರುತ್ತದೆ, ಕೊಳ್ಳುವವರು ಯಾರು ಎಂದರೆ ಸ್ಲೈಡ್ ಮುಂದಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಕುಳೆ ಬೆಳೆಗೆ ನೀರು ಬಿಡುವ ಹೊತ್ತಾಗಿರುತ್ತದೆ. ಕಡ್ಡಿ ಗೀರುವುದೇ ಅಗ್ಗ.

ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜತೆ ಬಯೋಮಾಸ್ ಉಂಡೆಯನ್ನೂ ಸುಡಬೇಕೆಂದು ಕೇಂದ್ರ 2021ರಲ್ಲಿ ನೀತಿ ತಂದಿತು. ಆಮೇಲೆ ತಿದ್ದಿ, 2024–25ರಿಂದ 5% ಎಂದಿತು. ಕೃಷ್ಣೆಯಾಚೆ ಕೂಡಗಿಯಲ್ಲಿ 2,400 ಮೆಗಾವಾಟಿನ ಸ್ಥಾವರವಿದೆ. ಹುನಗುಂದದ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಮೇಲೆ ಕಣ್ಣು ಬೀಳದಿರುತ್ತದೆಯೇ? ಕಡತದಲ್ಲಿ ಅದರ ಹೆಸರು ‘ತ್ಯಾಜ್ಯ’. ಇಳಕಲ್ ಸುತ್ತಿನ ಹಳ್ಳಿಯ ಅವ್ವ ಆ ತ್ಯಾಜ್ಯವನ್ನು ಹೊರೆ ಕಟ್ಟಿ ತಂದು, ಹಿತ್ತಲಲ್ಲಿ ಒಟ್ಟಿ, ಮೇಲೊಂದು ಹರಕು ತಾಡಪತ್ರಿ ಎಳೆದು, ಮಳೆಗಾಲ ಪೂರ್ತಿ ರೊಟ್ಟಿ ಬೇಯಿಸುತ್ತಾಳೆ. ಸಂಗ್ರಹ, ಸಾಗಣೆ, ದಾಸ್ತಾನು, ತೇವಾಂಶ ನಿಯಂತ್ರಣ ಎಲ್ಲ ಉಂಟು. ಇಲ್ಲದ್ದು ಡಿಪಿಆರ್ ಎಂಬ ಯೋಜನಾ ವರದಿ ಒಂದೇ. ಜೋಳದ ಕಣಿಕೆಗಂತೂ ಕೈಹಾಕದಿರುವುದು ಕ್ಷೇಮ, ಎತ್ತುಗಳೇ ತಕರಾರು ಅರ್ಜಿ ಕೊಟ್ಟಾವು.

ಇಷ್ಟೆಲ್ಲ ಸುಟ್ಟು ತಯಾರಾದ ಹಸಿರು ಕರೆಂಟು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಆಗಿ ಬರುವುದು ಎಷ್ಟೋ ಸಲ ನಡುರಾತ್ರಿ. ಅದು ಹಸಿರೋ ಕಪ್ಪೋ ಎಂದು ಆಗ ಯಾರು ನೋಡುತ್ತಾರೆ, ಬದುವಿನ ಮೇಲೆ ಹಾವು ತುಳಿಯದಿದ್ದರೆ ಸಾಕು.