ಸರ್ಕಾರ ಕೊಟ್ಟ ಎರಡು ವರ್ಷದ ರಿಯಾಯಿತಿ

ಯಯಾತಿಗೆ ಯೌವನ ಬೇಕಾದಾಗ ಮಕ್ಕಳ ಮುಂದೆ ಕೈಯೊಡ್ಡಬೇಕಾಯಿತು. ಚ್ಯವನ ಮುನಿಗಾಗಿ ಅಶ್ವಿನೀ ದೇವತೆಗಳೇ ಇಳಿದು ಬರಬೇಕಾಯಿತು. ದಕ್ಷಿಣ ಕೊರಿಯಾದವರು ಪುಣ್ಯವಂತರು. 2023ರ ಜೂನ್ 28ರ ಬುಧವಾರ ಅಲ್ಲಿನ ಐದು ಕೋಟಿ ಚಿಲ್ಲರೆ ಜನ ಎದ್ದು ಹಲ್ಲುಜ್ಜುವ ಹೊತ್ತಿಗೆ ಒಂದು ವರ್ಷವೋ ಎರಡು ವರ್ಷವೋ ಚಿಕ್ಕವರಾಗಿಬಿಟ್ಟಿದ್ದರು. ತಪಸ್ಸಿಲ್ಲ, ಲೇಹ್ಯವಿಲ್ಲ, ಹಿಂದಿನ ಡಿಸೆಂಬರಿನಲ್ಲಿ ಸಂಸತ್ತು ಪಾಸು ಮಾಡಿದ್ದ ಒಂದು ತಿದ್ದುಪಡಿ ಸಾಕಾಯಿತು. ಮುಖದ ಸುಕ್ಕು ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಗೆಜೆಟ್ ತಲುಪಿರಲಿಲ್ಲ.

ಹಳೆಯ ಲೆಕ್ಕ ಹೀಗಿತ್ತು. ಕೂಸು ನೆಲಕ್ಕೆ ಬಿದ್ದ ಗಳಿಗೆಗೇ ಅದಕ್ಕೆ ಒಂದು ವರ್ಷ. ಆಮೇಲೆ ಹುಟ್ಟುಹಬ್ಬದ ಗೊಡವೆಯೇ ಬೇಡ, ಜನವರಿ 1 ಬಂದಾಗಲೆಲ್ಲ ಇಡೀ ದೇಶಕ್ಕೆ ಒಟ್ಟಿಗೆ ಒಂದೊಂದು ವರ್ಷ ಬಡ್ತಿ. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮಗು ಬೆಳಗಾಗುವಷ್ಟರಲ್ಲಿ ಎರಡು ವರ್ಷದ್ದು. ಹೊಕ್ಕುಳಬಳ್ಳಿ ಒಣಗಿಲ್ಲ, ಹೆಸರಿಟ್ಟಿಲ್ಲ, ವಯಸ್ಸು ಎರಡು! ಹೊಸ ವರ್ಷಕ್ಕೆ ಅಕ್ಕಿ ಬಿಲ್ಲೆಗಳ ಸಾರು ಮಾಡುತ್ತಾರೆ, ತ್ತೊಕ್‌ಗುಕ್ ಅಂತ. ಅದರ ಒಂದು ಬಟ್ಟಲು ಹೊಟ್ಟೆಗಿಳಿದರೆ ವಯಸ್ಸು ಒಂದು ಏರಿತು ಎಂದು ನಂಬಿಕೆ. ಎರಡು ಬಟ್ಟಲು ತಿಂದರೆ ಬೇಗ ದೊಡ್ಡವರಾಗುತ್ತೇವೆಂದು ಮಕ್ಕಳು ಆಸೆಪಟ್ಟು ತಿನ್ನುವುದೂ ಉಂಟಂತೆ. ನಲವತ್ತು ದಾಟಿದವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರೂ ಪ್ರಯೋಜನವಿಲ್ಲ.

ಹೊರಗಿನವರು ನಗುತ್ತಾರೆ. ಆದರೆ ಲೆಕ್ಕದಲ್ಲಿ ಪೆದ್ದತನವೇನಿಲ್ಲ. ಗರ್ಭದಲ್ಲಿದ್ದ ಕಾಲವನ್ನೂ ಸೇರಿಸುತ್ತಾರೆ ಎಂಬುದು ಜನಪ್ರಿಯ ವಿವರಣೆ. ಅದಕ್ಕಿಂತ ಸರಳವಾದದ್ದು, ಇದು ನೀನು ಎಷ್ಟನೆಯ ವರ್ಷದಲ್ಲಿ ಕಾಲಿಟ್ಟಿದ್ದೀಯ ಎಂಬ ಎಣಿಕೆ. ಎಣಿಕೆಗೆ ಸೊನ್ನೆ ಇಲ್ಲ. ‘ಐದು ತುಂಬಿ ಆರು ನಡೀತಿದೆ’ ಎನ್ನುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆದ್ದತನ ಶುರುವಾದದ್ದು ಸುಧಾರಣೆಯಿಂದ. 1962ರಿಂದಲೇ ಕೊರಿಯಾದ ನಾಗರಿಕ ಕಾನೂನು ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕುತ್ತಿತ್ತು. ಕಚೇರಿಯಲ್ಲಿ ಒಂದು ವಯಸ್ಸು, ಊಟದ ಮೇಜಿನಲ್ಲಿ ಇನ್ನೊಂದು. ಇವೆರಡೂ ಸಾಲದೆಂದು ಮೂರನೆಯದೂ ಇತ್ತು: ಈ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದರೆ ಬರುವ ವಯಸ್ಸು. ಒಬ್ಬನೇ ಮನುಷ್ಯ ಒಂದೇ ದಿನ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ಮೂರೂ ಆಗಿರಬಹುದಿತ್ತು. ಮದುವೆಗೆ ಹೆಣ್ಣು ನೋಡುವಾಗ ಯಾವುದು ಹೇಳಬೇಕೆಂಬ ಸ್ವಾತಂತ್ರ್ಯವಾದರೂ ಇತ್ತಲ್ಲ.

ಈ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಒಂದು ಹಾಲಿನ ಕಂಪನಿಯಲ್ಲಿ ‘56 ವರ್ಷದಿಂದ’ ಸಂಬಳ ಇಳಿಸುವ ಒಪ್ಪಂದವಿತ್ತು. ಯಾವ 56? ತುಂಬಿದ್ದೋ, ನಡೆಯುತ್ತಿರುವುದೋ? 2022ರಲ್ಲಿ ತೀರ್ಪು ಬಂತು: 55 ತುಂಬಿದರೆ ಸಾಕು. ನ್ಯಾಯಾಲಯ ಕೊಟ್ಟ ಒಂದು ವರ್ಷದ ಹಿರಿತನವನ್ನು ನೌಕರರು ಸಂಬಳ ಕಳೆದುಕೊಂಡು ಸ್ವೀಕರಿಸಬೇಕಾಯಿತು.

ಆಗ ಬಂದರು ಯೂನ್ ಸುಕ್ ಯೋಲ್. ಅಧ್ಯಕ್ಷ ಚುನಾವಣೆಯಲ್ಲಿ ಅವರು ಕೊಟ್ಟ ಭರವಸೆಗಳಲ್ಲಿ ಇದೂ ಒಂದು: ದೇಶಕ್ಕೆಲ್ಲ ಒಂದೇ ವಯಸ್ಸು. ಎಂಥ ಭರವಸೆ ನೋಡಿ! ರಸ್ತೆ ಹಾಕಬೇಕಾಗಿಲ್ಲ, ಖಜಾನೆಯಿಂದ ಕಾಸು ಬಿಚ್ಚಬೇಕಾಗಿಲ್ಲ, ಆದರೂ ಫಲಾನುಭವಿಗಳು ನೂರಕ್ಕೆ ನೂರು. ಸ್ವತಃ ಅವರು ಹುಟ್ಟಿದ್ದು 1960ರ ಡಿಸೆಂಬರ್ 18ಕ್ಕೆ. ಡಿಸೆಂಬರಿನವರಿಗೆ ವರ್ಷದ ಬಹುಪಾಲು ಎರಡು ವರ್ಷದ ಪೂರ್ತಿ ರಿಯಾಯಿತಿ. ಕಾನೂನು ಜಾರಿಯಾದ ದಿನ ಅರವತ್ತನಾಲ್ಕರ ಅಧ್ಯಕ್ಷರು ಅರವತ್ತೆರಡಕ್ಕೆ ಇಳಿದರು.

ಹಾಗಾದರೆ ಬದಲಾದದ್ದೇನು? ಪಿಂಚಣಿ ಮೊದಲಿಂದಲೂ ತುಂಬಿದ ವಯಸ್ಸಿಗೇ, ಮತದಾನವೂ ಹಾಗೇ. ಎಲ್ಲಿ ಲೆಕ್ಕ ಬದಲಾದರೆ ಬಿಸಿ ತಟ್ಟುತ್ತಿತ್ತೋ ಅಲ್ಲಿ ಸರ್ಕಾರ ಕೈಯನ್ನೇ ಹಾಕಲಿಲ್ಲ. ಸೈನ್ಯದ ಕಡ್ಡಾಯ ಸೇವೆಗೆ ಹುಟ್ಟಿದ ವರ್ಷದ ಲೆಕ್ಕವೇ ಮುಂದುವರಿಯಿತು. ಮದ್ಯ, ಸಿಗರೇಟಿಗೂ ಅದೇ. ಆ ವರ್ಷ ಹತ್ತೊಂಬತ್ತು ತುಂಬಲಿರುವವರಿಗೆಲ್ಲ ಜನವರಿ 1ಕ್ಕೇ ಪರವಾನಗಿ, ಹುಟ್ಟಿದ್ದು ನವೆಂಬರಿನಲ್ಲಾದರೂ ಸರಿ. ಹೀಗಾಗಿ ಹೊಸ ವರ್ಷದ ನಡುರಾತ್ರಿ ಬಾರುಗಳ ಬಾಗಿಲಲ್ಲಿ ಗುರುತಿನ ಚೀಟಿ ಹಿಡಿದ ಎಳೆಯ ಮುಖಗಳ ಸಾಲು ಇವತ್ತಿಗೂ ತಪ್ಪಿಲ್ಲ.

ನೆರೆಯವರು ಈ ಕೆಲಸ ಎಂದೋ ಮುಗಿಸಿದ್ದರು. ಜಪಾನ್ 1902ರಲ್ಲಿ ಕಾನೂನು ಮಾಡಿತು, ಜನ ಕೇಳಲಿಲ್ಲವೆಂದು 1950ರಲ್ಲಿ ಇನ್ನೊಂದನ್ನು ಜಾರಿಗೆ ತಂದಿತು. ಉತ್ತರ ಕೊರಿಯಾ 1980ರ ದಶಕದಲ್ಲೇ ಹಳೆಯ ಲೆಕ್ಕ ಬಿಟ್ಟಿತು. ಬಿಟ್ಟದ್ದು ಪ್ರಜೆಗಳಿಗೆ ಮಾತ್ರ. 1997ರಲ್ಲಿ ಅಲ್ಲಿ ಹೊಸ ಶಕೆ ಶುರುವಾದಾಗ, ದೇಶದ ಸ್ಥಾಪಕ ಕಿಮ್ ಇಲ್ ಸುಂಗ್ ಹುಟ್ಟಿದ 1912ನೇ ಇಸವಿಯನ್ನೇ ‘ಒಂದು’ ಎಂದು ಎಣಿಸಲಾಯಿತು. ಹುಟ್ಟುತ್ತಲೇ ಒಂದಾಗುವ ಯೋಗ ಅಲ್ಲಿ ಒಬ್ಬರಿಗೇ ಮೀಸಲಾಯಿತು.

ದಕ್ಷಿಣದಲ್ಲಿ ತೊಡಕಿರುವುದು ಬೇರೆ ಕಡೆ. ಅಲ್ಲಿ ವಯಸ್ಸು ಎಂದರೆ ಬದುಕಿದ ಕಾಲದ ಅಳತೆ ಅಲ್ಲ, ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ತೀರ್ಮಾನ. ಪರಿಚಯವಾದ ಐದು ನಿಮಿಷದೊಳಗೆ ‘ಯಾವ ವರ್ಷದವರು?’ ಎಂದು ಕೇಳುವುದು ಕುತೂಹಲಕ್ಕಲ್ಲ. ಅದು ಗೊತ್ತಾಗದೆ ಮುಂದಿನ ವಾಕ್ಯವನ್ನೇ ಆಡಲಾಗದು, ಕ್ರಿಯಾಪದ ಹೇಗೆ ಮುಗಿಸಬೇಕೆಂದು ತಿಳಿಯದು. ಒಂದೇ ವರ್ಷ ಹುಟ್ಟಿದರೆ ಗೆಳೆಯ. ಹಿಂದಿನ ವರ್ಷ ಹುಟ್ಟಿದ್ದರೆ ಅಣ್ಣ, ಎರಡೂ ಕೈಯಲ್ಲಿ ಹಿಡಿದು ಅವನ ಲೋಟಕ್ಕೆ ಸುರಿಯಬೇಕು, ತಾನು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಕೊರಿಯನ್ ಧಾರಾವಾಹಿ ನೋಡಿ ನೋಡಿ ಒಪ್ಪಾ, ಒನ್ನಿ, ಹ್ಯೊಂಗ್ ಎಂಬ ಅಣ್ಣ-ಅಕ್ಕಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಬೆಂಗಳೂರಿನ ಹುಡುಗಿಯರಿಗೆ ಇದು ಪ್ರೀತಿಯಾಗಿ ಕಾಣುತ್ತದೆ. ಬೀದಿಯಲ್ಲಿ ಎರಡು ಕಾರು ತಾಗಿದಾಗ ನೋಡಬೇಕು. ತಪ್ಪು ಯಾರದೆಂಬ ಚರ್ಚೆ ಅರ್ಧಕ್ಕೇ ನಿಂತು, ‘ನಿನಗೆಷ್ಟು ವಯಸ್ಸೋ?’ ಎಂಬಲ್ಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಬ್ರೇಕ್, ಸಿಗ್ನಲ್ ಯಾವುದೂ ಸಾಕ್ಷಿಗೆ ಬರುವುದಿಲ್ಲ.

ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರ ಪಾಡು ಕೇಳಲೇಬೇಡಿ. ಶಾಲೆ ಮಾರ್ಚಿಗೆ ಶುರು. ಹಿಂದಿನ ನಿಯಮದಂತೆ ಅವರೆಲ್ಲ ಹಿಂದಿನ ವರ್ಷದ ಮಕ್ಕಳ ಜೊತೆ ಒಂದನೇ ತರಗತಿಗೆ ಸೇರಿದ್ದರು. 1991ರ ಜನವರಿಯಲ್ಲಿ ಹುಟ್ಟಿ ಹಾಗೆ ಸೇರಿದವನಿಗೆ 1990ರವರು ಸಹಪಾಠಿಗಳು, 1991ರವರು ಸಮವಯಸ್ಕರು. ಆಮೇಲೆ ಆ ಇಬ್ಬರೂ ಒಂದೇ ಮೇಜಿಗೆ ಬಂದರೆ? ಇವನಿಗೆ ಗೆಳೆಯನಾದವನು ಇವನ ಗೆಳೆಯನಿಗೆ ಅಣ್ಣ. ನಿಯಮ ಬದಲಾಗಿ ಎಷ್ಟೋ ವರ್ಷವಾಯಿತು. ಮೂವತ್ತು ದಾಟಿದ ಆ ‘ಮಕ್ಕಳು’ ಇನ್ನೂ ಪಾರ್ಟಿಗಳಲ್ಲಿ ತಮ್ಮ ವಂಶಾವಳಿ ವಿವರಿಸುತ್ತ ಕೂತಿದ್ದಾರೆ.

ಹೊಸ ಲೆಕ್ಕದಲ್ಲಿ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಏಪ್ರಿಲ್‌ನಲ್ಲಿ ವಯಸ್ಸು ಏರುತ್ತದೆ, ಇನ್ನೊಬ್ಬನಿಗೆ ಅಕ್ಟೋಬರಿನಲ್ಲಿ. ಹಾಗಾದರೆ ಆರು ತಿಂಗಳು ಅವನನ್ನು ಅಣ್ಣ ಎನ್ನಬೇಕೆ? ಬೇಡ, ಮೊದಲಿನ ಹಾಗೇ ಕರೆದುಕೊಳ್ಳಿ ಎಂದು ಸರ್ಕಾರವೇ ಸಮಾಧಾನ ಹೇಳಿತು. ಜನ ಬುದ್ಧಿವಂತರು, ‘ವಯಸ್ಸೆಷ್ಟು’ ಎಂದು ಕೇಳುವುದನ್ನು ಬಿಟ್ಟು ಹುಟ್ಟಿದ ಇಸವಿಯನ್ನೇ ಕೇಳತೊಡಗಿದರು. ಪಂಕ್ತಿ ಕದಲಲಿಲ್ಲ.

ಇತ್ತ ದೇಶ ಮುದಿಯಾಗುತ್ತಲೇ ಇದೆ. ಎಲ್ಲರೂ ಚಿಕ್ಕವರಾದ ಅದೇ 2023ರಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 0.72 ಮಗುವಿನ ಲೆಕ್ಕ ಬಂತು. 2024ರ ಕೊನೆಗೆ ಅರವತ್ತೈದು ದಾಟಿದವರು ಜನಸಂಖ್ಯೆಯ ಐದರಲ್ಲೊಂದು ಪಾಲು ಮೀರಿದರು. ಈ ಅಂಕಿಗಳಿಗೆ ರಿಯಾಯಿತಿ ಸಿಗಲಿಲ್ಲ, ಅಂಕಿಅಂಶದವರು ಮೊದಲಿಂದಲೂ ತುಂಬಿದ ವಯಸ್ಸನ್ನೇ ಎಣಿಸುತ್ತಿದ್ದರು. ತೂಗುವುದಕ್ಕೆ ತೊಟ್ಟಿಲಲ್ಲಿ ಕೂಸಿಲ್ಲದ ದೇಶದಲ್ಲಿ ಅಜ್ಜಂದಿರಿಗೆ ಪ್ರಾಯ ಹಂಚಿದ್ದಾಯಿತು.

ಹಂಚಿದವರ ಮುಂದಿನ ಕಥೆ ಜಗತ್ತಿಗೇ ಗೊತ್ತು. 2024ರ ಡಿಸೆಂಬರ್ 3ರ ರಾತ್ರಿ ಯೂನ್ ಮಾರ್ಷಲ್ ಲಾ ಘೋಷಿಸಿ, ಬೆಳಗಾಗುವಷ್ಟರಲ್ಲಿ ಹಿಂತೆಗೆದುಕೊಂಡರು. ಹಳೆಯ ಪದ್ಧತಿಯಲ್ಲಿ ಎಣಿಸಿದರೆ ಅದಕ್ಕೂ ಎರಡು ದಿನ ವಯಸ್ಸಾಗಿತ್ತು. ಜನವರಿಯಲ್ಲಿ ಬಂಧನವಾಯಿತು. ಪ್ರಾಸಿಕ್ಯೂಟರುಗಳು ಬಂಧನದ ಅವಧಿಯನ್ನು ದಿನಗಳಲ್ಲಿ ಎಣಿಸಿದ್ದರು. ಅದು ತಪ್ಪು, ಗಂಟೆಗಳಲ್ಲಿ ಎಣಿಸಬೇಕು, ಅವಧಿ ಮೀರಿದ ಮೇಲೆ ದೋಷಾರೋಪ ಸಲ್ಲಿಕೆಯಾಗಿದೆ ಎಂದು ಸೋಲ್‌ನ ನ್ಯಾಯಾಲಯ ಮಾರ್ಚಿನಲ್ಲಿ ಹೇಳಿತು. ಕೆಲವೇ ಗಂಟೆಗಳ ಕರಾರುವಾಕ್ಕು ಲೆಕ್ಕ ಅವರನ್ನು ಹೊರಗೆ ತಂದಿತು. ಏಪ್ರಿಲ್ 4ಕ್ಕೆ ಸಂವಿಧಾನ ನ್ಯಾಯಾಲಯ ಅವರನ್ನು ಪದವಿಯಿಂದಲೇ ಕೆಳಗಿಳಿಸಿತು. 2022ರ ಮೇ 10ರಂದು ಐದು ವರ್ಷಕ್ಕೆಂದು ಹತ್ತಿದ ಕುರ್ಚಿ ಅದು. ಅವರೇ ತಂದ ಕಾನೂನಿನ ಲೆಕ್ಕದಲ್ಲಿ ಆ ಅಧ್ಯಕ್ಷಗಿರಿಗೆ ತುಂಬಿದ್ದು ಎರಡೇ ವರ್ಷ. ತ್ತೊಕ್‌ಗುಕ್ಕಿನ ಲೆಕ್ಕವನ್ನು ಮುಟ್ಟದೆ ಬಿಟ್ಟಿದ್ದರೆ ನಾಲ್ಕಾದರೂ ಆಗಿರುತ್ತಿತ್ತು.